ಆಲೋಚನೆಯನ್ನು ಬಿಡಿಸುವುದು ಅಂದರೆ ಏನು? ಫ್ರೆಗೆ, ಮೂರ್, ರಸೆಲ್, ವಿಟ್‌ಗೆನ್‌ಸ್ಟೈನ್ ಬಗ್ಗೆ ಒಂದು ಚರ್ಚೆ

ಜಗಲಿಓದು

ಅನಲಿಟಿಕ್ ಫಿಲಾಸಫಿ (ತರ್ಕ ಮತ್ತು ಭಾಷೆಯ ವಿಶ್ಲೇಷಣೆಯಿಂದ ಕೆಲಸ ಮಾಡುವ ತತ್ವಶಾಸ್ತ್ರದ ಪಂಥ) ಶುರು ಮಾಡಿದವರು ಆಲೋಚನೆಗಳನ್ನು ವಿಶ್ಲೇಷಣೆ ಮಾಡಿದರು ಅಂತ ಪರಿಚಯದ ಪುಸ್ತಕಗಳು ಹೇಳುತ್ತವೆ. ಫ್ರೆಗೆ, ಮೂರ್, ರಸೆಲ್, ವಿಟ್‌ಗೆನ್‌ಸ್ಟೈನ್ ಅನ್ನುವ ನಾಲ್ಕು ಹೆಸರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮುಂದೆ ಹೋಗಿಬಿಡುತ್ತವೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಬಿಡಿಸುವುದು ಅಂದರೆ ಏನು ಅನ್ನುವುದರಲ್ಲೇ ಇವರ ನಡುವೆ ದೊಡ್ಡ ಬಿರುಕು ಇದೆ.

ಪ್ರಶ್ನೆ ಇಷ್ಟೇ. ಭಾಗಗಳು ಮೊದಲೇ ಇದ್ದು, ಅವು ಸೇರಿ ಆಲೋಚನೆ ಆಗುತ್ತದಾ? ಅಥವಾ ಆಲೋಚನೆ ಮೊದಲು ಇಡಿಯಾಗಿ ಇದ್ದು, ನಾವು ಬಿಡಿಸಿದಾಗ ಭಾಗಗಳು ಸಿಗುತ್ತವಾ?

ಜಿ.ಇ. ಮೂರ್ ಮೊದಲ ದಾರಿ ಹಿಡಿದವನು. 1899ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಅವನು ಇಂಗ್ಲಿಷ್ ತತ್ವಜ್ಞಾನಿ ಬ್ರ್ಯಾಡ್ಲಿಯ ವಿರುದ್ಧ ವಾದಿಸುತ್ತಾನೆ. 'ಈ ಗುಲಾಬಿ ಕೆಂಪಗಿದೆ' ಅಂದಾಗ ನಾನು ಹೇಳುತ್ತಿರುವುದು ನನ್ನ ತಲೆಯೊಳಗಿನ ಚಿತ್ರದ ಬಗ್ಗೆ ಅಲ್ಲ, ಕೆಲವು ಕಾನ್ಸೆಪ್ಟ್‌ಗಳು (ಪರಿಕಲ್ಪನೆಗಳು) ಒಂದಕ್ಕೊಂದು ಸೇರಿಕೊಂಡಿರುವುದರ ಬಗ್ಗೆ ಅನ್ನುತ್ತಾನೆ. ಈ ಕಾನ್ಸೆಪ್ಟ್‌ಗಳು ಯಾರ ಮನಸ್ಸಿಗೂ ಸೇರಿದವಲ್ಲ. ಒಂದು ವಸ್ತು ಅರ್ಥವಾಗಬೇಕಾದರೆ ಅದನ್ನು ಅದರ ಕಾನ್ಸೆಪ್ಟ್‌ಗಳಾಗಿ ಬಿಡಿಸಬೇಕು. ಬಿಡಿಸುತ್ತಾ ಹೋದರೆ ಕೊನೆಗೆ ಇನ್ನು ಬಿಡಿಸಲಾಗದ ಸರಳ ಅಂಶಗಳು ಸಿಗುತ್ತವೆ. 1903ರ ನೀತಿಶಾಸ್ತ್ರದ ಪುಸ್ತಕದಲ್ಲೂ ಅದೇ ಮಾತು. ಕುದುರೆಯನ್ನು ಬಿಡಿಸಿ ಹೇಳಬಹುದು. ಹಳದಿಯನ್ನಾಗಲಿ 'ಒಳ್ಳೆಯದು' ಅನ್ನುವುದನ್ನಾಗಲಿ ಹಾಗೆ ಬಿಡಿಸಲು ಬರುವುದಿಲ್ಲ.

ಯೇನಾ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಡುತ್ತಿದ್ದ ಫ್ರೆಗೆ ಇದಕ್ಕೆ ಇಪ್ಪತ್ತು ವರ್ಷ ಮೊದಲೇ ಇನ್ನೊಂದು ದಾರಿ ಹಿಡಿದಿದ್ದ. ಕೊನೆಯವರೆಗೂ ಅವನು ಅದನ್ನು ಬಿಡಲಿಲ್ಲ. 1919ರಲ್ಲಿ ಡಾರ್ಮ್‌ಸ್ಟೆಟರ್ ಅನ್ನುವವರಿಗಾಗಿ ತನ್ನ ಕೆಲಸವನ್ನು ಚಿಕ್ಕದಾಗಿ ಬರೆದುಕೊಟ್ಟಾಗ ಹೇಳಿದ್ದು ಇದು: ನಾನು ಕಾನ್ಸೆಪ್ಟ್‌ಗಳಿಂದ ಶುರು ಮಾಡಿ ಅವುಗಳನ್ನು ಜೋಡಿಸಿ ಆಲೋಚನೆ ಕಟ್ಟುವುದಿಲ್ಲ, ಆಲೋಚನೆಯನ್ನು ಬಿಡಿಸಿ ಅದರ ಭಾಗಗಳನ್ನು ಪಡೆಯುತ್ತೇನೆ.

ನನ್ನ ಪ್ರಕಾರ ಫ್ರೆಗೆ ದಾರಿಯೇ ಸರಿ. ಮೂರ್ ಮತ್ತು ರಸೆಲ್ ದಾರಿ ಎಲ್ಲಿ ಮುಗ್ಗರಿಸಿತು ಅನ್ನುವುದನ್ನು ನೋಡಿದರೆ ಇದು ಗೊತ್ತಾಗುತ್ತದೆ. ಬೇರೆ ಅಭಿಪ್ರಾಯ ಇರುವವರು ದಯವಿಟ್ಟು ಬರೆಯಿರಿ.

ತುಂಗಾತೀರ

ನಾನು ಈ ವಿಷಯಕ್ಕೆ ಹೊಸಬಳು. ಒಂದು ಮೂಲಭೂತ ಅನುಮಾನ. ಆಲೋಚನೆಯ ಭಾಗಗಳು ಯಾವುವು ಅಂತ ಹುಡುಕುವುದು ಮನಃಶಾಸ್ತ್ರದವರ ಕೆಲಸ ಅಲ್ವಾ? ತತ್ವಶಾಸ್ತ್ರದವರು ಕೂತಲ್ಲೇ ಇದನ್ನು ಹೇಗೆ ಕಂಡುಹಿಡಿಯುತ್ತಾರೆ?

ಜಗಲಿಓದು

ತುಂಬಾ ಮುಖ್ಯವಾದ ಪ್ರಶ್ನೆ. ಫ್ರೆಗೆ 'ಆಲೋಚನೆ' ಅಂದಾಗ ತಲೆಯೊಳಗೆ ನಡೆಯುವ ಘಟನೆಯನ್ನು ಹೇಳುತ್ತಿಲ್ಲ. ಯಾವುದು ನಿಜ ಅಥವಾ ಸುಳ್ಳು ಆಗಬಲ್ಲದೋ ಅದನ್ನು ಹೇಳುತ್ತಿದ್ದಾನೆ. 1918ರ ಪ್ರಬಂಧದಲ್ಲಿ ಅವನು ಪೈಥಾಗೊರಸ್ ಪ್ರಮೇಯದ ಉದಾಹರಣೆ ಕೊಡುತ್ತಾನೆ. ಆಲೋಚನೆ ಒಬ್ಬೊಬ್ಬರ ಮನಸ್ಸಿನ ಸ್ವತ್ತಾಗಿದ್ದರೆ 'ಪೈಥಾಗೊರಸ್ ಪ್ರಮೇಯ' ಅಂತ ಹೇಳಲು ಬರುವುದಿಲ್ಲ. 'ನನ್ನ ಪೈಥಾಗೊರಸ್ ಪ್ರಮೇಯ', 'ನಿನ್ನ ಪೈಥಾಗೊರಸ್ ಪ್ರಮೇಯ' ಅನ್ನಬೇಕಾಗುತ್ತದೆ. ಆಗ ನಮ್ಮಿಬ್ಬರ ನಡುವೆ ಜಗಳ ಆಡಲೂ ವಿಷಯ ಇರುವುದಿಲ್ಲ. ನೀವು ನಿಜ ಅನ್ನುವುದೂ ನಾನು ಸುಳ್ಳು ಅನ್ನುವುದೂ ಒಂದೇ ವಿಷಯದ ಬಗ್ಗೆ ಆಗಿರಬೇಕು.

ಹಾಗಾಗಿ ಅವನ ವಿಶ್ಲೇಷಣೆಗೆ ಆಧಾರ ಒಳಗಣ್ಣು ಅಲ್ಲ. ಒಂದು ಆಲೋಚನೆಯಿಂದ ಇನ್ನು ಯಾವ್ಯಾವ ಆಲೋಚನೆಗಳಿಗೆ ಸರಿಯಾಗಿ ಹೋಗಬಹುದು ಅನ್ನುವುದು. ತರ್ಕವೇ ಇಲ್ಲಿ ಅಳತೆಗೋಲು.

ಲೆಕ್ಕದಮೇಷ್ಟ್ರು

ಈ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. ಫ್ರೆಗೆಯ 1879ರ ಪುಸ್ತಕದ 9ನೇ ಭಾಗದಲ್ಲಿರುವುದು. ವಾಕ್ಯ ಚಿಕ್ಕದು: 'ಕೇಟೋ ಕೇಟೋನನ್ನು ಕೊಂದ'.

ಹಳೆಯ ತರ್ಕಶಾಸ್ತ್ರ ಇಲ್ಲಿ ಕರ್ತೃ ಯಾವುದು, ಅದರ ಬಗ್ಗೆ ಹೇಳಿದ್ದು ಯಾವುದು ಅಂತ ಕೇಳಿ ಒಂದೇ ಕಡೆ ಕತ್ತರಿ ಹಾಕುತ್ತದೆ. ಫ್ರೆಗೆ ಹಾಗೆ ಮಾಡುವುದಿಲ್ಲ. ಗಣಿತದ ಫಂಕ್ಷನ್ ತರಹ ನೋಡುತ್ತಾನೆ. ಒಂದು ಜಾಗ ಖಾಲಿ ಬಿಡು, ಅಲ್ಲಿ ಬೇರೆ ಹೆಸರು ಹಾಕಬಹುದು ಅಂದುಕೋ, ಆಗ ಉಳಿದದ್ದು ಫಂಕ್ಷನ್.

ಮೊದಲ ಕೇಟೋನನ್ನು ತೆಗೆಯಿರಿ. ಉಳಿದದ್ದು '—— ಕೇಟೋನನ್ನು ಕೊಂದ'. ಇದರಿಂದ 'ಯಾರೋ ಒಬ್ಬರು ಕೇಟೋನನ್ನು ಕೊಂದರು' ಅನ್ನುವ ತೀರ್ಮಾನಕ್ಕೆ ಹೋಗಬಹುದು. ಎರಡನೆಯ ಕೇಟೋನನ್ನು ತೆಗೆಯಿರಿ. 'ಕೇಟೋ ಯಾರನ್ನೋ ಕೊಂದ' ಸಿಗುತ್ತದೆ. ಎರಡನ್ನೂ ಒಟ್ಟಿಗೆ ತೆಗೆದು, ಎರಡೂ ಕಡೆ ಒಂದೇ ಹೆಸರು ಬರಬೇಕು ಅನ್ನಿ. ಉಳಿಯುವುದು 'ತನ್ನನ್ನು ತಾನೇ ಕೊಂದುಕೊಳ್ಳುವುದು'. ಅಲ್ಲಿಂದ 'ಯಾರೋ ಒಬ್ಬರು ತಮ್ಮನ್ನು ತಾವೇ ಕೊಂದುಕೊಂಡರು' ಅನ್ನುವುದಕ್ಕೆ ಹೋಗಬಹುದು.

ಮೂರು ತೀರ್ಮಾನ, ಮೂರೂ ಸರಿ. ಮೂರಕ್ಕೂ ಬೇರೆ ಬೇರೆ ಕತ್ತರಿಕೆ ಬೇಕಾಯಿತು. ಇದರಲ್ಲಿ ಒಂದನ್ನು ಮಾತ್ರ 'ನಿಜವಾದ ಭಾಗಗಳು' ಅಂತ ಹೇಳಿ ಉಳಿದವನ್ನು ಬಿಟ್ಟರೆ ಎರಡು ತೀರ್ಮಾನ ಯಾಕೆ ಸರಿ ಅನ್ನುವುದನ್ನು ಹೇಳಲು ಆಗುವುದಿಲ್ಲ. ಅದಕ್ಕೇ 1892ರಲ್ಲಿ ಅವನು ನೇರವಾಗಿ ಬರೆಯುತ್ತಾನೆ, ಒಂದೇ ಆಲೋಚನೆಯನ್ನು ಹಲವು ರೀತಿ ಬಿಡಿಸಬಹುದು, ಒಮ್ಮೆ ಇದು ಕರ್ತೃ ಆಗಿ ಕಾಣುತ್ತದೆ, ಒಮ್ಮೆ ಅದು ಅಂತ. 1879ರ ಮುನ್ನುಡಿಯಲ್ಲೇ ಅವನಿಗೆ ಕರ್ತೃವಿನ ಲೆಕ್ಕ ಬಿಟ್ಟು ಫಂಕ್ಷನ್ ತರುವ ಈ ಬದಲಾವಣೆಯ ಮೇಲೆ ತುಂಬಾ ಭರವಸೆ ಇತ್ತು.

ಚುಕ್ಕಿಚಿತ್ತಾರ

ಕೇಟೋ ಉದಾಹರಣೆ ಚೆನ್ನಾಗಿದೆ. ಆದರೆ ಫ್ರೆಗೆಯನ್ನು ನೀವಿಬ್ಬರೂ ಅರ್ಧ ಮಾತ್ರ ಓದುತ್ತಿದ್ದೀರಿ ಅನ್ನಿಸುತ್ತದೆ. 1914ರಲ್ಲಿ ಇಂಗ್ಲಿಷ್ ತರ್ಕಶಾಸ್ತ್ರಜ್ಞ ಜೋರ್ಡೇನ್‌ಗೆ ಬರೆದ ಕಾಗದದ ಕರಡು ನೋಡಿ. ನಾವು ಹಿಂದೆ ಎಂದೂ ಕೇಳದ ವಾಕ್ಯವನ್ನು ಅರ್ಥ ಮಾಡಿಕೊಳ್ಳುತ್ತೇವೆ, ಅದು ಸಾಧ್ಯವಾಗುವುದು ವಾಕ್ಯದ ಭಾಗಗಳಿಗೆ ಆಲೋಚನೆಯ ಭಾಗಗಳು ಹೊಂದಿಕೊಳ್ಳುವುದರಿಂದ ಅನ್ನುತ್ತಾನೆ. 1923ರ ಪ್ರಬಂಧ ಶುರುವಾಗುವುದೂ ಇದೇ ಅಚ್ಚರಿಯಿಂದ. ಕೆಲವೇ ಉಚ್ಚಾರಗಳಿಂದ ಭಾಷೆ ಲೆಕ್ಕವಿಲ್ಲದಷ್ಟು ಆಲೋಚನೆಗಳನ್ನು ಹೇಳುತ್ತದಲ್ಲ ಅಂತ.

ಇದು ಭಾಗ ಮೊದಲು ಅನ್ನುವ ವಾದ ಅಲ್ದೆ ಮತ್ತೇನು? 'ಹೈಡ್ರೋಜನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಹಗುರ' ಅನ್ನುವುದು ಗೊತ್ತಿರುವವನಿಗೆ 'ಆಮ್ಲಜನಕ' ಅನ್ನುವ ಪದ ಗೊತ್ತಿದ್ದರೆ ಹೊಸ ವಾಕ್ಯ ತಕ್ಷಣ ಅರ್ಥವಾಗುತ್ತದೆ. ಆಲೋಚನೆಯನ್ನು ಇಷ್ಟ ಬಂದ ಕಡೆ ಕತ್ತರಿಸಬಹುದು ಅನ್ನುವುದಾದರೆ ಈ ಹೊಂದಾಣಿಕೆ ಎಲ್ಲಿಂದ ಬರುತ್ತದೆ?

ಲೆಕ್ಕದಮೇಷ್ಟ್ರು

ಫ್ರೆಗೆ ಬಗ್ಗೆ ಬರೆದ ಇಂಗ್ಲಿಷ್ ತತ್ವಜ್ಞಾನಿ ಮೈಕೆಲ್ ಡಮ್ಮೆಟ್ ಇದಕ್ಕೊಂದು ಉತ್ತರ ಕೊಟ್ಟಿದ್ದಾನೆ. ಫ್ರೆಗೆಯಲ್ಲಿ ಎರಡು ಬೇರೆ ಕೆಲಸ ಇವೆ ಅನ್ನುತ್ತಾನೆ. ಒಂದು, ಆಲೋಚನೆ ಯಾವ ಹಂತಗಳಲ್ಲಿ ಕಟ್ಟಿದ್ದು ಅಂತ ತೋರಿಸುವುದು. ಇದು ಒಂದೇ ರೀತಿ ಇರುತ್ತದೆ, ಅರ್ಥವಾಗುವುದಕ್ಕೆ ಬೇಕಾದದ್ದು ಇದು. ಎರಡು, ಕಟ್ಟಿ ಮುಗಿದ ಮೇಲೆ ತೀರ್ಮಾನಗಳಿಗಾಗಿ ಅದರಲ್ಲಿ ಒಂದು ಮಾದರಿ ಗುರುತಿಸುವುದು. ಇದನ್ನು ಹಲವು ರೀತಿ ಮಾಡಬಹುದು. ಕೇಟೋ ಮೊದಲನೆಯ ಸಾಲಿಗೆ ಸೇರುವುದಿಲ್ಲ, ಎರಡನೆಯದಕ್ಕೆ ಸೇರುತ್ತಾನೆ. ನನಗೆ ಇದು ಒಪ್ಪಿಗೆ.

ಜಗಲಿಓದು

ಕೇಟೋ ಮಟ್ಟಿಗೆ ಡಮ್ಮೆಟ್ ಉತ್ತರ ಸಾಕು. ಆದರೆ 1884ರ ಪುಸ್ತಕದ 64ನೇ ಭಾಗಕ್ಕೆ ಬಂದರೆ ಸಾಕಾಗುವುದಿಲ್ಲ. 'ಅ ರೇಖೆ ಮತ್ತು ಬ ರೇಖೆ ಸಮಾಂತರ' ಅನ್ನುವ ಮಾತನ್ನು ಫ್ರೆಗೆ ತೆಗೆದುಕೊಳ್ಳುತ್ತಾನೆ. ಅದೇ ವಿಷಯವನ್ನು ಬೇರೆ ರೀತಿ ಕತ್ತರಿಸಿದರೆ 'ಅ ರೇಖೆಯ ದಿಕ್ಕು, ಬ ರೇಖೆಯ ದಿಕ್ಕು ಒಂದೇ' ಅಂತ ಆಗುತ್ತದೆ ಅನ್ನುತ್ತಾನೆ. ಹೀಗೆ ಕತ್ತರಿಸಿದ್ದರಿಂದಲೇ ದಿಕ್ಕು ಅನ್ನುವ ಹೊಸ ಕಾನ್ಸೆಪ್ಟ್ ನಮಗೆ ಸಿಗುತ್ತದೆ.

ಇಲ್ಲಿ ದಿಕ್ಕು ಅನ್ನುವುದು ಮೊದಲಿನ ವಾಕ್ಯದ ಯಾವ ಪದದಲ್ಲೂ ಇಲ್ಲ. ಖಾಲಿ ಜಾಗ ಬಿಟ್ಟು ಪಡೆದದ್ದೂ ಅಲ್ಲ. ಭಾಗಗಳು ಮೊದಲು ಅನ್ನುವವರು ಒಂದೋ ಇವೆರಡೂ ಬೇರೆ ಆಲೋಚನೆ ಅನ್ನಬೇಕು, ಇಲ್ಲವೇ ಮೊದಲಿನದರಲ್ಲೇ ದಿಕ್ಕು ಅಡಗಿತ್ತು ಅನ್ನಬೇಕು. ಸಮಾಂತರ ಅಂದರೆ ಗೊತ್ತಿದ್ದು ದಿಕ್ಕು ಅನ್ನುವ ಮಾತು ಗೊತ್ತಿಲ್ಲದ ಮಗು ಇರಬಹುದು, ಹಾಗಾಗಿ ಎರಡನೆಯದು ಕಷ್ಟ. ಫ್ರೆಗೆಗೆ ಈ ಹೆಜ್ಜೆ ಬಹಳ ಬೇಕಿತ್ತು. ಸಂಖ್ಯೆಗಳನ್ನು ಅವನು ಪಡೆಯಬೇಕೆಂದಿದ್ದು ಇದೇ ದಾರಿಯಲ್ಲಿ. ವಿಶ್ಲೇಷಣೆಯಿಂದ ಹೊಸದು ಸಿಗುತ್ತದೆ ಅನ್ನುವುದು ಅವನ ಇಡೀ ಕೆಲಸದ ಜೀವಾಳ.

ಬೆಳವಲ

ಇಡೀ ವಾಕ್ಯ ಮೊದಲು, ಪದಗಳು ಬಿಡಿಸಿ ತೆಗೆದವು ಅನ್ನುವುದನ್ನು ಕೇಳಿದರೆ ಸಂಸ್ಕೃತ ವ್ಯಾಕರಣದ ತತ್ವಜ್ಞಾನಿ ಭರ್ತೃಹರಿ ನೆನಪಾಗುತ್ತಾನೆ. ವಾಕ್ಯ ಅಖಂಡ, ಪದಗಳನ್ನು ನಾವು ವಿವರಣೆಗಾಗಿ ಬೇರ್ಪಡಿಸುತ್ತೇವೆ ಅನ್ನುವುದು ಅವನ ನಿಲುವು. ಪದಗಳ ಅರ್ಥ ಮೊದಲು ಬಂದು ಆಮೇಲೆ ಸೇರುತ್ತದೆ ಅನ್ನುವ ಮೀಮಾಂಸೆಯ ಕುಮಾರಿಲನ ಪಂಥ, ಸೇರಿಕೊಂಡೇ ಬರುತ್ತದೆ ಅನ್ನುವ ಪ್ರಭಾಕರನ ಪಂಥ, ಈ ಜಗಳವೂ ಇಲ್ಲಿಗೆ ಹತ್ತಿರ. ಮತಿಲಾಲ್ ಮತ್ತು ಸೇನ್ 1988ರಲ್ಲಿ ಇದೇ 'ಮೈಂಡ್' ಪತ್ರಿಕೆಯಲ್ಲಿ ಈ ಹೋಲಿಕೆಯ ಬಗ್ಗೆ ಬರೆದಿದ್ದಾರೆ.

ಜಗಲಿಓದು

ಆ ಲೇಖನ ಓದಲೇಬೇಕಾದದ್ದು. ಆದರೆ ಈ ಎಳೆಯಲ್ಲಿ ಫ್ರೆಗೆ ಸುತ್ತಲೇ ಇರೋಣ. ಭರ್ತೃಹರಿಯ ಚಿಂತೆ ಭಾಷೆ ಮತ್ತು ಅರಿವಿನ ಬಗ್ಗೆ. ಫ್ರೆಗೆಯ ಚಿಂತೆ ಗಣಿತದ ಸಾಬೀತುಗಳಲ್ಲಿ ಒಂದು ಬಿರುಕೂ ಇರಬಾರದು ಅನ್ನುವುದು. ಬೆಳವಲ ಅವರು ಅದಕ್ಕೇ ಬೇರೆ ಎಳೆ ಶುರು ಮಾಡಿದರೆ ನಾನು ಖಂಡಿತ ಬರುತ್ತೇನೆ.

ಚುಕ್ಕಿಚಿತ್ತಾರ

ರಸೆಲ್ ಪರವಾಗಿ ಯಾರಾದರೂ ಮಾತಾಡಬೇಕು. 1900ರಲ್ಲಿ ಲೈಬ್ನಿಟ್ಸ್ ಬಗ್ಗೆ ಬರೆದ ಪುಸ್ತಕದಲ್ಲೇ ಅವನು ಹೇಳುತ್ತಾನೆ, ಸರಿಯಾದ ತತ್ವಶಾಸ್ತ್ರ ಎಲ್ಲವೂ ಪ್ರೊಪೊಸಿಷನ್‌ಗಳ (ನಿಜ ಅಥವಾ ಸುಳ್ಳು ಆಗಬಲ್ಲ ಹೇಳಿಕೆಗಳ) ವಿಶ್ಲೇಷಣೆಯಿಂದ ಶುರುವಾಗಬೇಕು ಅನ್ನುವುದಕ್ಕೆ ಸಾಕ್ಷಿಯೇ ಬೇಡ ಅಂತ. ರಸೆಲ್‌ಗೆ ಪ್ರೊಪೊಸಿಷನ್‌ನ ಭಾಗಗಳು ಜಗತ್ತಿನ ವಸ್ತುಗಳೇ.

1904ರ ಕಾಗದಗಳು ಪ್ರಸಿದ್ಧ. ನವೆಂಬರ್ 13ರಂದು ಫ್ರೆಗೆ ಬರೆದ: ಮಾಂಟ್ ಬ್ಲಾಂಕ್ 4000 ಮೀಟರ್‌ಗಿಂತ ಎತ್ತರ ಅನ್ನುವ ಆಲೋಚನೆಯಲ್ಲಿ ಹಿಮದ ಬಯಲುಗಳ ಸಮೇತ ಆ ಪರ್ವತ ಒಂದು ಭಾಗ ಆಗಲಾರದು. ಡಿಸೆಂಬರ್ 12ರಂದು ರಸೆಲ್ ಉತ್ತರ ಕೊಟ್ಟ: ಅಷ್ಟೂ ಹಿಮದ ಬಯಲುಗಳಿದ್ದರೂ ಪರ್ವತವೇ ಅದರ ಭಾಗ. ಅದನ್ನು ಒಪ್ಪದಿದ್ದರೆ ನಮಗೆ ಮಾಂಟ್ ಬ್ಲಾಂಕ್ ಬಗ್ಗೆ ಏನೂ ಗೊತ್ತಿಲ್ಲ ಅಂತಾಗುತ್ತದೆ.

ನನಗೆ ಇಲ್ಲಿ ರಸೆಲ್ ಕಡೆ ಮನಸ್ಸು ಹೋಗುತ್ತದೆ. ನಾವು ಜಗತ್ತಿನ ಬಗ್ಗೆ ಮಾತಾಡಬೇಕು ಅಂದರೆ ಆಲೋಚನೆಯಲ್ಲಿ ಜಗತ್ತು ಇರಬೇಕು.

ಜಗಲಿಓದು

ಆ ಆಸೆ ನನಗೂ ಇದೆ. ತೊಂದರೆ ಬರುವುದು ಮುಂದಿನ ಹೆಜ್ಜೆಯಲ್ಲಿ. ಅದನ್ನು ಕಂಡವನು ರಸೆಲ್‌ನೇ, ಇದು ಅವನ ದೊಡ್ಡತನ. 1903ರ ಗಣಿತದ ಪುಸ್ತಕದ 54ನೇ ಭಾಗದಲ್ಲಿ 'ಅ ಅನ್ನುವುದು ಬ ಅನ್ನುವುದಕ್ಕಿಂತ ಬೇರೆ' ಅನ್ನುವ ಪ್ರೊಪೊಸಿಷನ್ ಬಿಡಿಸುತ್ತಾನೆ. ಅ, ವ್ಯತ್ಯಾಸ, ಬ ಅಂತ ಮೂರು ಭಾಗ ಸಿಗುತ್ತವೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮತ್ತೆ ಆ ಪ್ರೊಪೊಸಿಷನ್ ಬರುವುದಿಲ್ಲ, ಬರೀ ಪಟ್ಟಿ ಬರುತ್ತದೆ. ಪಟ್ಟಿ ನಿಜವೂ ಅಲ್ಲ, ಸುಳ್ಳೂ ಅಲ್ಲ. ಒಗ್ಗೂಡಿಸುವುದು ಕ್ರಿಯಾಪದ ಅನ್ನುತ್ತಾನೆ. ಆದರೆ ಬಿಡಿಸಿದ ತಕ್ಷಣ ಆ ಕ್ರಿಯಾಪದವೂ ಪಟ್ಟಿಯಲ್ಲಿ ಇನ್ನೊಂದು ವಸ್ತು ಆಗಿಬಿಡುತ್ತದೆ. ಒಗ್ಗೂಡಿಸುವ ಕ್ರಿಯಾಪದಕ್ಕೂ ಪಟ್ಟಿಯಲ್ಲಿರುವ ಕ್ರಿಯಾಪದಕ್ಕೂ ಏನು ಭೇದ ಅಂತ ಸ್ಪಷ್ಟವಾಗಿ ಹೇಳುವುದು ತನಗೆ ಗೊತ್ತಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ.

ಫ್ರೆಗೆಗೆ ಈ ಪ್ರಶ್ನೆ ಇಷ್ಟು ಕಾಡುವುದಿಲ್ಲ. ಅವನಿಗೆ ಇಡೀ ಆಲೋಚನೆ ಮೊದಲು. ಬಿಡಿಸಿದಾಗ ಕೊನೆಯ ಪಕ್ಷ ಒಂದು ಭಾಗದಲ್ಲಾದರೂ ಖಾಲಿ ಜಾಗ ಉಳಿದಿರಲೇಬೇಕು, ಇಲ್ಲದಿದ್ದರೆ ಭಾಗಗಳು ಅಂಟಿಕೊಳ್ಳುವುದಿಲ್ಲ ಅನ್ನುತ್ತಾನೆ.

ಚುಕ್ಕಿಚಿತ್ತಾರ

ಖಾಲಿ ಜಾಗ ಅನ್ನುವುದು ಸಮಸ್ಯೆಗೆ ಇಟ್ಟ ಹೆಸರು ಅಷ್ಟೇ ಅಂತ ನನಗೆ ಅನ್ನಿಸುತ್ತದೆ. ಇರಲಿ. ರಸೆಲ್‌ನ 1905ರ ಲೇಖನವನ್ನು ಮರೆಯಬೇಡಿ. ವಿಶ್ಲೇಷಣೆಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಕೇಂಬ್ರಿಜ್‌ನ ತತ್ವಜ್ಞಾನಿ ಫ್ರಾಂಕ್ ರಾಮ್ಸೆ ಕೂಡ ಅದನ್ನು ತತ್ವಶಾಸ್ತ್ರದ ಮಾದರಿ ಅಂತ ಕರೆದ.

ತುಂಗಾತೀರ ಅವರಿಗಾಗಿ ಬಿಡಿಸಿ ಬರೆಯುತ್ತೇನೆ. 'ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು'. ಫ್ರಾನ್ಸಿಗೆ ರಾಜನೇ ಇಲ್ಲ. ಹಾಗಾದರೆ ಈ ಮಾತು ಯಾರ ಬಗ್ಗೆ? ರಸೆಲ್ ಹೇಳುವುದು, ಇದು ಒಂದು ಮಾತಲ್ಲ, ಮೂರು ಮಾತು. ಫ್ರಾನ್ಸಿಗೆ ಈಗ ರಾಜ ಇದ್ದಾನೆ. ಒಬ್ಬನಿಗಿಂತ ಜಾಸ್ತಿ ಇಲ್ಲ. ಹಾಗಿರುವವನು ಬೋಳುತಲೆಯವನು. ಮೊದಲನೆಯದೇ ಸುಳ್ಳು, ಹಾಗಾಗಿ ಇಡೀ ಮಾತು ಸುಳ್ಳು.

ಈಗ 'ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನಲ್ಲ' ಅನ್ನಿ. 'ಅಲ್ಲ' ಅನ್ನುವುದನ್ನು ಮೂರನೆಯ ತುಂಡಿಗೆ ಮಾತ್ರ ಹಚ್ಚಿದರೆ ಇದೂ ಸುಳ್ಳು, ಯಾಕೆಂದರೆ ರಾಜ ಇದ್ದಾನೆ ಅಂತ ಇನ್ನೂ ಹೇಳುತ್ತಿದ್ದೀರಿ. ಮೂರಕ್ಕೂ ಸೇರಿಸಿ ಹಚ್ಚಿದರೆ ನಿಜ. ಒಂದು ಮಾತು ನಿಜ ಅಥವಾ ಅದರ ನಿಷೇಧ ನಿಜ ಅನ್ನುವ ನಿಯಮ ಉಳಿಯಿತು, ಇಲ್ಲದ ರಾಜನನ್ನು ಎಲ್ಲಿಂದಲೋ ಕರೆತರುವುದೂ ತಪ್ಪಿತು.

ಇಲ್ಲಿ 'ಫ್ರಾನ್ಸಿನ ಈಗಿನ ರಾಜ' ಅನ್ನುವ ತುಂಡು ಎಲ್ಲೂ ಇಡಿಯಾಗಿ ಉಳಿಯಲಿಲ್ಲ ನೋಡಿ. ಮೇಲೆ ಕಂಡ ವಾಕ್ಯದ ಆಕಾರ ಬೇರೆ, ಒಳಗಿನ ಆಲೋಚನೆಯ ಆಕಾರ ಬೇರೆ.

ತುಂಗಾತೀರ

ಈಗ ಸ್ಪಷ್ಟವಾಯಿತು, ಧನ್ಯವಾದ. ಆದರೆ ಇದು ಮೂರ್ ಮಾಡಿದ್ದಕ್ಕಿಂತ ತುಂಬಾ ಬೇರೆ ಅನ್ನಿಸುತ್ತದೆ. ಮೂರ್ ವಸ್ತುವನ್ನು ಅದರ ಅಂಶಗಳಾಗಿ ಬಿಡಿಸುತ್ತಿದ್ದ. ಇಲ್ಲಿ ರಸೆಲ್ ಒಂದು ಮಾತನ್ನು ಬೇರೆ ಮಾತುಗಳಲ್ಲಿ ಮತ್ತೆ ಹೇಳಿದ. ಎರಡೂ ವಿಶ್ಲೇಷಣೆ ಆಗುವುದು ಹೇಗೆ?

ಜಗಲಿಓದು

ಸರಿಯಾಗಿ ಹಿಡಿದಿರಿ. ಇತಿಹಾಸಕಾರರು ಇವನ್ನು ಎರಡು ಬೇರೆ ಬಗೆಗಳಾಗಿಯೇ ನೋಡುತ್ತಾರೆ. ರಸೆಲ್ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದ. ಮೊದಲು ಮಾತನ್ನು ಅದರ ನಿಜವಾದ ಆಕಾರಕ್ಕೆ ಬದಲಿಸು, ಆಮೇಲೆ ಅದನ್ನು ಭಾಗಗಳಾಗಿ ಬಿಡಿಸು. ಮೊದಲ ಹೆಜ್ಜೆಯಲ್ಲಿ ಅವನು ಫ್ರೆಗೆಗೆ ಹತ್ತಿರ, ಎರಡನೆಯದರಲ್ಲಿ ಮೂರ್‌ಗೆ ಹತ್ತಿರ. ಮೊದಲನೆಯದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಮುಗ್ಗರಿಸಿದ್ದು ಎರಡನೆಯದು.

ನಡುರಾತ್ರಿಪುಟ

ಮುಗ್ಗರಿಸಿದ ದಿನಗಳು ಗೊತ್ತಿವೆ. 1913ರ ಮೇ ಮತ್ತು ಜೂನ್.

ಅಷ್ಟರಲ್ಲಿ ರಸೆಲ್ ಪ್ರೊಪೊಸಿಷನ್ ಅನ್ನುವ ಇಡಿ ವಸ್ತುವನ್ನೇ ಬಿಟ್ಟಿದ್ದ. 1912ರ ಜನಪ್ರಿಯ ಪುಸ್ತಕದಲ್ಲಿ ಶೇಕ್ಸ್‌ಪಿಯರ್ ನಾಟಕದ ಒಥೆಲೋ ಉದಾಹರಣೆ ಇದೆ. ಡೆಸ್ಡಿಮೋನಾ ಕ್ಯಾಸಿಯೋನನ್ನು ಪ್ರೀತಿಸುತ್ತಾಳೆ ಅಂತ ಒಥೆಲೋ ನಂಬುತ್ತಾನೆ. ಅದು ಸುಳ್ಳು, ಹಾಗಾಗಿ ಆ ಪ್ರೀತಿ ಅನ್ನುವ ಇಡೀ ಸಂಗತಿ ಜಗತ್ತಿನಲ್ಲಿ ಇಲ್ಲ. ಇರುವುದು ಒಥೆಲೋ, ಡೆಸ್ಡಿಮೋನಾ, ಪ್ರೀತಿಸುವುದು, ಕ್ಯಾಸಿಯೋ ಅನ್ನುವ ನಾಲ್ಕು ಬಿಡಿ ಅಂಶಗಳು. ನಂಬುವುದು ಅನ್ನುವ ಸಂಬಂಧವೇ ಅವನ್ನು ಹೆಣೆಯುತ್ತದೆ ಅನ್ನುತ್ತಾನೆ.

ಯುವಕ ವಿಟ್‌ಗೆನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ಹೆಣೆಯುವುದು ನಂಬುವವನ ಕೆಲಸ ಆದರೆ ಯಾವುದನ್ನು ಬೇಕಾದರೂ ಹೆಣೆಯಬಹುದಲ್ಲ. ಅದೇ ವರ್ಷದ ಟಿಪ್ಪಣಿಗಳಲ್ಲಿ 'ಈ ಮೇಜು ಪುಸ್ತಕವನ್ನು ಪೆನ್‌ಹೋಲ್ಡರಿಸುತ್ತದೆ' ಅನ್ನುವಂಥ ಅರ್ಥವಿಲ್ಲದ ಮಾತಿನ ಉದಾಹರಣೆ ಕೊಡುತ್ತಾನೆ. ಯಾರೂ ಇದನ್ನು ನಂಬಲು ಸಾಧ್ಯವೇ ಇಲ್ಲ ಅಂತ ಸರಿಯಾದ ಸಿದ್ಧಾಂತ ತೋರಿಸಬೇಕು, ರಸೆಲ್‌ನ ಸಿದ್ಧಾಂತ ತೋರಿಸುವುದಿಲ್ಲ. ರಸೆಲ್ ಜ್ಞಾನದ ಬಗ್ಗೆ ಬರೆಯುತ್ತಿದ್ದ ದೊಡ್ಡ ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿದ. ಅದು ಪೂರ್ತಿಯಾಗಿ ಅಚ್ಚಾದದ್ದು 1984ರಲ್ಲಿ. ಆ ಟೀಕೆ ತನ್ನ ಬದುಕಿನ ಬಹು ದೊಡ್ಡ ಘಟನೆ, ಇನ್ನು ತತ್ವಶಾಸ್ತ್ರದಲ್ಲಿ ಬುನಾದಿಯ ಕೆಲಸ ಮಾಡಬಲ್ಲೆ ಅನ್ನುವ ಭರವಸೆ ತನಗಿಲ್ಲ ಅಂತ ಅನ್ನಿಸಿತು ಎಂದು 1916ರಲ್ಲಿ ತನ್ನ ಆಪ್ತ ಗೆಳತಿ ಆಟೊಲಿನ್ ಮೊರೆಲ್‌ಗೆ ಬರೆದ. ಓದುವಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಲೆಕ್ಕದಮೇಷ್ಟ್ರು

ಹಾಗಿದ್ದರೂ 1921ರ ಪುಸ್ತಕದಲ್ಲಿ ವಿಟ್‌ಗೆನ್‌ಸ್ಟೈನ್ ಭಾಗ ಮೊದಲು ಅನ್ನುವ ಕಡೆಗೇ ವಾಲುತ್ತಾನಲ್ಲ? ಅದರ 3.25ನೇ ಸಂಖ್ಯೆಯ ಮಾತಿನಲ್ಲಿ ಒಂದು ಪ್ರೊಪೊಸಿಷನ್‌ಗೆ ಒಂದೇ ಒಂದು ಪೂರ್ಣ ವಿಶ್ಲೇಷಣೆ ಇದೆ ಅನ್ನುತ್ತಾನೆ. ಕೊನೆಗೆ ಸರಳ ವಸ್ತುಗಳ ಹೆಸರು ಸಿಗಬೇಕು. ಆದರೆ ಅಂಥ ವಸ್ತುವಿಗೆ ಇಡೀ ಪುಸ್ತಕದಲ್ಲಿ ಒಂದೂ ಉದಾಹರಣೆ ಇಲ್ಲ.

ನಡುರಾತ್ರಿಪುಟ

ವಾಲುತ್ತಾನೆ, ಜೊತೆಗೆ 3.3ರಲ್ಲಿ ಹೆಸರಿಗೆ ಅರ್ಥ ಇರುವುದು ಪ್ರೊಪೊಸಿಷನ್ ಒಳಗೆ ಮಾತ್ರ ಅಂತ ಫ್ರೆಗೆಯ ಮಾತನ್ನೂ ಹೇಳುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ನೋಡಿದ. 1929ರಲ್ಲಿ ಬಣ್ಣಗಳ ಹತ್ತಿರ ಅದು ಕಷ್ಟಕ್ಕೆ ಸಿಕ್ಕಿತು. ಒಂದು ಚುಕ್ಕೆ ಒಂದೇ ಹೊತ್ತಿಗೆ ಪೂರ್ತಿ ಕೆಂಪೂ ಪೂರ್ತಿ ಹಸಿರೂ ಆಗಲಾರದು, ಈ 'ಆಗಲಾರದು' ಎಲ್ಲಿಂದ ಬಂತು ಅನ್ನುವುದನ್ನು ಅವನ ವಿಶ್ಲೇಷಣೆ ಹೇಳಲಿಲ್ಲ. ಮುಂದೆ ಅವನೇ ಪೊರಕೆಯ ಉದಾಹರಣೆ ಕೊಟ್ಟ. 'ಪೊರಕೆ ಮೂಲೆಯಲ್ಲಿದೆ' ಅನ್ನುವವನ ಮನಸ್ಸಿನಲ್ಲಿ ಕೋಲು ಮತ್ತು ಅದಕ್ಕೆ ಸಿಕ್ಕಿಸಿದ ಬ್ರಷ್ ಬೇರೆ ಬೇರೆಯಾಗಿ ಇರುತ್ತವಾ? ಕೋಲು ತಾ, ಅದಕ್ಕೆ ಸಿಕ್ಕಿಸಿದ ಬ್ರಷ್ ತಾ ಅಂತ ಯಾರಾದರೂ ಕೇಳುತ್ತಾರಾ?

1919ರ ಆಗಸ್ಟ್‌ನಲ್ಲಿ, ಇಟಲಿಯ ಕಸಿನೋದಲ್ಲಿ ಯುದ್ಧ ಕೈದಿಯಾಗಿದ್ದಾಗ, ರಸೆಲ್‌ಗೆ ಒಂದು ಉತ್ತರ ಬರೆದಿದ್ದ. ಆಲೋಚನೆಯ ಅಂಶಗಳು ಪದಗಳಲ್ಲ, ಪದಗಳು ಜಗತ್ತಿಗೆ ಸಂಬಂಧಿಸುವ ರೀತಿಯಲ್ಲೇ ಸಂಬಂಧಿಸುವ ಮಾನಸಿಕ ಅಂಶಗಳು. ಅವು ಏನು ಅನ್ನುವುದು ನನಗೆ ಗೊತ್ತಿಲ್ಲ, ಕಂಡುಹಿಡಿಯುವುದು ಮನಃಶಾಸ್ತ್ರದ ಕೆಲಸ ಅನ್ನುತ್ತಾನೆ. ತುಂಗಾತೀರ ಅವರ ಮೊದಲ ಪ್ರಶ್ನೆಗೆ ಅವನ ಉತ್ತರ 'ಹೌದು' ಅಂತಾಗುತ್ತದೆ ನೋಡಿ.

ಜಗಲಿಓದು

ಫ್ರೆಗೆ ಆ ಉತ್ತರ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ಮಾನಸಿಕ ಅಂಶಗಳು ಏನಾದರೂ ಇರಲಿ, ಕೇಟೋ ವಾಕ್ಯದಿಂದ ಆ ಮೂರು ತೀರ್ಮಾನ ಬರುವುದಕ್ಕೆ ಅವುಗಳ ಹಂಗಿಲ್ಲ.

ಚುಕ್ಕಿಚಿತ್ತಾರ

ಹಾಗಾದರೆ ನನ್ನ ಹಳೇ ಪ್ರಶ್ನೆಗೆ ಉತ್ತರ ಕೊಡಿ. ಭಾಗ ಮೊದಲಲ್ಲ ಅಂದರೆ ಹೊಸ ವಾಕ್ಯ ನಮಗೆ ಅರ್ಥವಾಗುವುದು ಹೇಗೆ?

ಜಗಲಿಓದು

ಭಾಗಗಳು ಇಲ್ಲ ಅಂತ ನಾನು ಹೇಳಲಿಲ್ಲ. 'ಆಮ್ಲಜನಕ' ಅನ್ನುವುದು ಗೊತ್ತು ಅಂದರೆ ಏನು ಗೊತ್ತು ಅಂತ ಕೇಳುತ್ತೇನೆ. ಅದನ್ನು 'ಹೈಡ್ರೋಜನ್' ಇದ್ದ ಜಾಗದಲ್ಲಿ ಹಾಕಬಹುದು, ಹಾಕಿದರೆ ಏನು ನಿಜವಾಗಬೇಕು, ಅದರಿಂದ ಮುಂದೆ ಏನು ಹೇಳಬಹುದು ಅನ್ನುವುದು ಗೊತ್ತು. ಇದೆಲ್ಲ ಇಡೀ ಆಲೋಚನೆಗಳ ಬಗೆಗಿನ ತಿಳಿವಳಿಕೆಯೇ. ಭಾಗಗಳು ನಿಜ, ಹಳೆಯವನ್ನು ಮತ್ತೆ ಜೋಡಿಸಿ ಹೊಸ ಆಲೋಚನೆ ಮಾಡುತ್ತೇವೆ ಅನ್ನುವುದೂ ನಿಜ. ಆದರೆ ಆ ಭಾಗ ಯಾವುದು ಅಂತ ಹೇಳಬೇಕಾದಾಗಲೆಲ್ಲ ಅದು ಸೇರುವ ಇಡಿಗಳ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ಚುಕ್ಕಿಚಿತ್ತಾರ

'ಆಮ್ಲಜನಕ' ವಿಷಯದಲ್ಲಿ ಒಪ್ಪಬಹುದು. ಮಾಂಟ್ ಬ್ಲಾಂಕ್ ವಿಷಯದಲ್ಲಿ ಇಲ್ಲ. ಎದುರಿಗಿರುವ ಪರ್ವತಕ್ಕೆ ಬೆರಳು ತೋರಿಸಿ 'ಅದು' ಅಂದಾಗ ನಾನು ಯಾವ ಇಡಿಯ ಕಡೆಗೂ ತೋರಿಸುತ್ತಿಲ್ಲ, ಪರ್ವತದ ಕಡೆಗೇ ತೋರಿಸುತ್ತಿದ್ದೇನೆ. ಇದರ ಬಗ್ಗೆ ಫ್ರೆಗೆಯ 1918ರ ಪ್ರಬಂಧದಲ್ಲಿ 'ನಾನು', 'ಇವತ್ತು' ಅನ್ನುವ ಪದಗಳ ಚರ್ಚೆ ಇದೆಯಲ್ಲ, ಅದನ್ನು ಸೇರಿ ಓದೋಣವಾ?

ಜಗಲಿಓದು

ಓದೋಣ. ನಿಮ್ಮ ಕೊನೆಯ ಮಾತಿಗೆ ನನ್ನ ಹತ್ತಿರ ಈಗ ಸರಿಯಾದ ಉತ್ತರ ಇಲ್ಲ. ಬೆರಳು ಪರ್ವತದ ಕಡೆಗೋ, ಅದರ ಹಿಮದ ಕಡೆಗೋ, ಬಣ್ಣದ ಕಡೆಗೋ ಅನ್ನುವುದು 'ಅದು' ಯಾವ ವಾಕ್ಯದಲ್ಲಿ ಬಂತು ಅನ್ನುವುದರಿಂದಲೇ ಗೊತ್ತಾಗುತ್ತದೆ ಅನ್ನುವುದು ನನ್ನ ಊಹೆ. ಪ್ರಬಂಧದ ಆ ಪುಟಗಳಿಂದಲೇ ಶುರು ಮಾಡೋಣ, ಮೊದಲ ಪೋಸ್ಟ್ ನೀವೇ ಹಾಕಿ.